ಹತ್ತರಲ್ಲಿ ಆರು

ಪೆಟ್ಟಿಗೆಯೊಳಗೆ ಯಾರೋ ಕೆಮ್ಮಿದರು.

ಮೋಹನದಾಸ ಶೆಟ್ಟರು ಕೇಳಿಸಿಯೂ ಕೇಳಿಸದವರಂತೆ ಕುರ್ಚಿಗೆ ಒರಗಿದರು. ಕುದ್ರೋಳಿಯ ಆ ಹಂಚಿನ ಶೆಡ್ಡಿನಲ್ಲಿ ಕಣ್ಣಿಗೆ ಕಾಣುವಂತೆ ಇದ್ದವರು ಇಬ್ಬರೇ. ದುಡ್ಡು ಹಾಕಲು ಬಂದ ಅವರು, ದುಡ್ಡು ಕೇಳಲು ನಿಂತ ಬೆನೆಡಿಕ್ಟ್. ನಡುವೆ ಬೆನೆಡಿಕ್ಟ್ ಆರು ವರ್ಷ ಕೂತು ಕಟ್ಟಿದ ಯಂತ್ರ. ಎರಡು ಕಪಾಟು ಜೋಡಿಸಿದಷ್ಟು ದೊಡ್ಡ ಮರದ ಪೆಟ್ಟಿಗೆ, ಪಕ್ಕದಲ್ಲಿ ಕರೆಂಟಿನ ಮೋಟಾರು, ಮೇಲೊಂದು ಆಲಿಕೆ. ಆಲಿಕೆಗೆ ಹುರಿದ ಗೇರುಬೀಜ ಸುರಿದರೆ ಒಂದು ಕೊಳವೆಯಿಂದ ಸಿಪ್ಪೆ ಬೀಳುತ್ತಿತ್ತು, ಇನ್ನೊಂದರಿಂದ ತಿರುಳು. ಒಂದೂ ಒಡೆಯದ, ಇಡಿ ಇಡಿ ತಿರುಳು.

ಶೆಟ್ಟರ ಅನುಮಾನವೂ ಅದೇ. ಅದು 1957. ಊರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಸಾಲು ಸಾಲು ಹೆಂಗಸರು ಕೂತು ಒಂದೊಂದೇ ಬೀಜ ಕುಟ್ಟಿ ಸುಲಿಯುತ್ತಿದ್ದ ಕಾಲ. ಮನುಷ್ಯರ ಬೆರಳಿಗೇ ಹತ್ತರಲ್ಲಿ ಎರಡು ಒಡೆಯುತ್ತಿರುವಾಗ, ಈ ಮರದ ಪೆಟ್ಟಿಗೆಗೆ ಒಂದೂ ಒಡೆಯುವುದಿಲ್ಲವೆಂದರೆ?

ಶೆಟ್ಟರು ಒಮ್ಮೆ ಕೈ ಸುಟ್ಟುಕೊಂಡವರು. ಭಾವನ ಮಾತು ನಂಬಿ, ಮೀನಿನ ಮುಳ್ಳಿನಿಂದ ಅಂಗಿಯ ಗುಂಡಿ ಮಾಡುವ ಕಂಪೆನಿಗೆ ದುಡ್ಡು ಸುರಿದಿದ್ದರು. ಗುಂಡಿಗಳೇನೋ ಚೆನ್ನಾಗಿಯೇ ಆದವು. ಆದರೆ ಅಂಗಿ ತೊಟ್ಟು ಹೊರಟವರ ಹಿಂದೆ ಬೆಕ್ಕುಗಳೂ ಹೊರಟವು. ಕೊಡಿಯಾಲ್‌ಬೈಲಿನ ಅವರದೇ ಹೊಟೇಲಿನಲ್ಲಿ ಗಿರಾಕಿಗಳು ಈಗಲೂ ಅವರ ಬೆನ್ನ ಹಿಂದೆ ಮೆಲ್ಲಗೆ ಮ್ಯಾಂವ್ ಅನ್ನುವುದುಂಟು. ಇನ್ನು ಯಾರಿಂದಲೂ ಮೋಸ ಹೋಗುವುದಿಲ್ಲ ಎಂದು ಹೆಂಡತಿ ರತ್ನಾವತಿಯ ಮುಂದೆ ಅವರು ಆಣೆ ಹಾಕಿದ್ದರು.

ಶೆಟ್ಟರು ನಸ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ತಮ್ಮ ಮೂಗಿಗೆ, ಎರಡು ಚಿಟಿಕೆ ಆಲಿಕೆಗೆ.

ಪೆಟ್ಟಿಗೆ ಮೂರು ಸಲ ಸೀನಿತು.

ಸೀನಿನ ನಡುವೆಯೂ ತಿರುಳು ಟಪಟಪನೆ ಬೀಳುತ್ತಲೇ ಇತ್ತು. ಭಲೆ, ಕೆಲಸದವನೆಂದರೆ ಹೀಗಿರಬೇಕು ಎಂದುಕೊಂಡರು ಶೆಟ್ಟರು.

“ಬೇರಿಂಗಿಗೆ ಎಣ್ಣೆ ಕಮ್ಮಿಯಾಗಿದೆ,” ಎಂದ ಬೆನೆಡಿಕ್ಟ್.

“ಬೇರಿಂಗಿಗೆ ನೆಗಡಿ ಆಗಿದೆ, ಮಾರಾಯ,” ಎಂದು ಶೆಟ್ಟರು ಎದ್ದರು. ಬೆನೆಡಿಕ್ಟ್ ಓಡಿಹೋಗಿ ಮೋಟಾರು ಆರಿಸಿದ. ಶೆಟ್ಟರು ಪೆಟ್ಟಿಗೆಯ ಹಿಂದೆ ಹೋಗಿ ಚಿಲಕ ತೆಗೆದರು.

ಒಳಗಿನಿಂದ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಇಳಿದವರು ಬೆನೆಡಿಕ್ಟನ ಅಕ್ಕ ರೊಸಾಲಿನ್. ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಶೆಟ್ಟರ ಮಗಳು ವಿನೋದಾ ಕೂಡ ಅವರ ಕೈಯಿಂದ ಪೆಟ್ಟು ತಿಂದವಳೇ. ಶೆಟ್ಟರ ಕಣ್ಣು ನೇರವಾಗಿ ಅವರ ಬೆರಳುಗಳ ಮೇಲೆ ಹೋಯಿತು. ಗೇರುಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಟೀಚರ ಬೆರಳುಗಳು ಸೀಮೆಸುಣ್ಣದಷ್ಟು ಶುಭ್ರವಾಗಿದ್ದವು. ಒಂದು ಹನಿ ತಾಗಿಸಿಕೊಂಡಿಲ್ಲ, ಎಂಥ ಕೈಚಳಕ!

ಬೆನೆಡಿಕ್ಟ್ ತಲೆ ತಗ್ಗಿಸಿ ನಿಂತಿದ್ದ. ಮನೆ ಅಡವಿಟ್ಟದ್ದನ್ನು, ಇನ್ನೆರಡು ತಿಂಗಳಲ್ಲಿ ಅದು ಕೈಬಿಟ್ಟು ಹೋಗುವುದನ್ನು ಹೇಳಿದ. ಪೊಲೀಸರಿಗೆ ಹೇಳಬೇಡಿ ಎಂದ. ಶೆಟ್ಟರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗುಂಡಿ ಕಂಪೆನಿ ಮುಳುಗಿದ ಮೇಲೆ ಮೊದಲ ಸಲ ಅವರಿಗೆ ತಮ್ಮ ಬುದ್ಧಿಯ ಮೇಲೆ ಪ್ರೀತಿ ಹುಟ್ಟಿತ್ತು.

“ಯಂತ್ರ ಪೂರ್ತಿ ಸುಳ್ಳಲ್ಲ, ಶೆಟ್ರೇ,” ಎಂದರು ರೊಸಾಲಿನ್, ಮೂಗು ಒರೆಸಿಕೊಳ್ಳುತ್ತ. “ಹತ್ತರಲ್ಲಿ ಆರು ಅದು ಮಾಡ್ತದೆ.”

ಶೆಟ್ಟರು ಆ ಮಾತನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿದರು. ಸುಳ್ಳು ಹೇಳುವವರು ಹತ್ತು ಅನ್ನುತ್ತಾರೆ. ಹೆದರಿದವರು ಐದು ಅನ್ನುತ್ತಾರೆ. ಆರು ಅನ್ನಬೇಕಾದರೆ ಎಣಿಸಿಯೇ ಇರಬೇಕು. ಸುಲಿಯುವ ಕೂಲಿ ಉಳಿಯುವಾಗ ಹತ್ತಕ್ಕೆ ಆರಾದರೂ ಕಸುಬು ನಡೆಯುತ್ತದೆ.

ಅಲ್ಲೇ ಮಾತು ಮುಗಿಯಿತು. ಮೂವತ್ತು ಸಾವಿರಕ್ಕೆ ಅರ್ಧ ಪಾಲು. ಒಂದು ಷರತ್ತು: ಟೀಚರು ಇನ್ನು ಪೆಟ್ಟಿಗೆಯೊಳಗೆ ಕಾಲಿಡಬಾರದು, ಆಫೀಸಿನಲ್ಲಿ ಕೂತು ಪತ್ರವ್ಯವಹಾರ ನೋಡಿಕೊಳ್ಳಬೇಕು. ರೊಸಾಲಿನ್ ತುಂಬ ಹೊತ್ತು ಯೋಚಿಸಿ, ಒಲ್ಲದ ಮನಸ್ಸಿನಿಂದೆಂಬಂತೆ ಒಪ್ಪಿದರು.

ರಾತ್ರಿ ಊಟಕ್ಕೆ ಕೂತಾಗ ರತ್ನಾವತಿ ಕೇಳಿದ್ದು ಒಂದೇ ಮಾತು. ಕಳ್ಳನನ್ನು ಹಿಡಿದು ಅವನ ಕೈಗೇ ದುಡ್ಡು ಕೊಟ್ಟು ಬಂದದ್ದು ಯಾವ ಜಾಣತನ? ಸಿಕ್ಕಿಬಿದ್ದ ಕಳ್ಳನಷ್ಟು ನಂಬಿಗಸ್ತ ಇನ್ನೊಬ್ಬನಿಲ್ಲ, ಸಿಕ್ಕದವನಿಗೇ ಹೆದರಬೇಕು ಎಂದು ಶೆಟ್ಟರು ಆಕೆಗೆ ತಿಳಿಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ನಾಲ್ಕು ತಿಂಗಳಲ್ಲಿ ಕಾವೂರಿನಲ್ಲಿ ಹೊಸ ಶೆಡ್ಡು ಎದ್ದಿತು. ಬೆನೆಡಿಕ್ಟ್ ಕಟ್ಟಿದ ಹೊಸ ಯಂತ್ರ ಹಳೆಯದರ ಕಾಲು ಭಾಗವೂ ಇರಲಿಲ್ಲ. ಟೀಚರು ಹಾಗಿರಲಿ, ಅದರೊಳಗೆ ಒಂದು ಕೋಳಿ ಕೂರುವುದೂ ಕಷ್ಟ. ಮೊದಲ ದಿನ ಶೆಟ್ಟರು ತಾವೇ ಹತ್ತು ಬೀಜ ಎಣಿಸಿ ಹಾಕಿದರು. ಹತ್ತು ತಿರುಳು ಇಡಿಯಾಗಿ ಬಿದ್ದವು. ನೂರು ಹಾಕಿದರು. ನೂರು ಬಿದ್ದವು.

ಮೋಟಾರು ಆರಿಸಿ ಮುಚ್ಚಳ ತೆರೆದರು. ಹಲ್ಲಿನ ಚಕ್ರಗಳು, ಸ್ಪ್ರಿಂಗುಗಳು. ಬೇರೇನೂ ಇಲ್ಲ. ಮೂಗಿಗೆ ಎಣ್ಣೆ ಮೆತ್ತುವವರೆಗೆ ತಲೆ ತೂರಿಸಿ ಹುಡುಕಿದರು. ಲಾಭದ ಖುಷಿ ಬರುವ ಮೊದಲೇ ಹಳೆಯ ಭಯ ಬಂತು. ಎಲ್ಲಿಯೋ ಯಾರೋ ತಮಗೆ ಮೋಸ ಮಾಡಿದ್ದಾರೆ. ಆದರೆ ನಷ್ಟವಾದದ್ದು ಯಾರಿಗೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಒರೆಸಿಕೊಳ್ಳದ ಮೂಗಿನಲ್ಲೇ ಆಫೀಸಿನ ಕೋಣೆಗೆ ನುಗ್ಗಿದರು. ರೊಸಾಲಿನ್ ಬೊಂಬಾಯಿಯ ವ್ಯಾಪಾರಿಯೊಬ್ಬರಿಗೆ ಪತ್ರ ಬರೆಯುತ್ತಿದ್ದರು.

“ಇದು ಹತ್ತಕ್ಕೆ ಹತ್ತೂ ಮಾಡ್ತದಲ್ಲ, ಟೀಚರೇ. ಹಾಗಾದರೆ ಆ ದಿನ ನೀವು ಒಳಗೆ ಕೂತದ್ದು ಎಂತಕ್ಕೆ?”

“ನಿಮಗಿಂತ ಮೊದಲು ಮೂವರು ಬಂದಿದ್ದರು, ಶೆಟ್ರೇ,” ಎಂದರು ರೊಸಾಲಿನ್, “ಪೆಟ್ಟಿಗೆ ತೆರೆದು ನೋಡಿದರು, ಒಳಗೆ ಯಾರೂ ಸಿಗಲಿಲ್ಲ, ಇದರಲ್ಲಿ ಎಂತದೋ ಮೋಸ ಉಂಟು ಅಂತ ಹೇಳಿ ಎದ್ದು ಹೋದರು.”