ಯಾವ ಲಿಫ್ಟಿನಲ್ಲಿ?

ಪುಣೆಯ ಹಡಪಸರದ ಅಪಾರ್ಟ್‌ಮೆಂಟಿನಲ್ಲಿ ಎರಡೂ ಲಿಫ್ಟುಗಳು ಹಠಾತ್ತನೆ ಕೆಟ್ಟು, ಬಾಗಿಲು ಮುಚ್ಚಿಕೊಂಡೇ ನಿಂತಿದ್ದವು. ಐದು ವರ್ಷದ ಆರತಿ ಕಾಣುತ್ತಿರಲಿಲ್ಲ. ಅವಳ ದಮ್ಮಿನ ಇನ್‌ಹೇಲರ್ ಪಂಪು ತಾಯಿ ರಂಜನಾಳ ಮುಷ್ಟಿಯಲ್ಲಿತ್ತು.

“ಮೆಟ್ಟಿಲ ಮ್ಯಾಲಿಲ್ಲ, ಕೆಳಗಿಲ್ಲ. ಅಂದ್ರ ಎರಡರಾಗ ಒಂದರಾಗ ಇರ್ಲೇಬೇಕು,” ಎಂದ ತಂದೆ ಬಸವಪ್ರಭು.

“ಯಾವುದರಾಗ್ರೀ?” ರಂಜನಾ ಚೀರಿದಳು.

ಬಸವಪ್ರಭು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ‘ಇದು ಇಲ್ಲವೇ ಅದು’ ಎಂದಷ್ಟೇ ಉತ್ತರ ಬರೆದು ಕೈತೊಳೆದುಕೊಂಡ ವಿದ್ಯಾರ್ಥಿಗಳಿಗೆ ಸೊನ್ನೆ ಸುತ್ತುತ್ತಿದ್ದ. ಯಾವುದೆಂದು ತೋರಿಸದ ಹೊರತು ಅದು ಪುರಾವೆಯೇ ಅಲ್ಲ ಎನ್ನುತ್ತಿದ್ದ.

ಅವನು ಎಡಗಡೆಯ ಲಿಫ್ಟಿನ ಬಾಗಿಲು ಬಡಿದು ಕಿವಿಗೊಟ್ಟ. ಸದ್ದಿಲ್ಲ.

“ಹಂಗಾರ ಬಲಗಡೀದ್ರಾಗೇ ಅದಾಳ್ರೀ ಸರ್!” ವಾಚ್‌ಮನ್ ಅಂಬಣ್ಣ ಅದರ ಬಾಗಿಲು ತೆರೆಯಲು ಕೀಲಿಕೈ ತೂರಿಸಹೋದ.

“ತಡಿ ಅಂಬಣ್ಣ.” ಬಸವಪ್ರಭು ಅದನ್ನೂ ಬಡಿದ. ಅಲ್ಲೂ ಸದ್ದಿಲ್ಲ.

ಆಗ ಎಡಗಡೆಯ ಲಿಫ್ಟಿನೊಳಗಿಂದ, ಪುಟ್ಟ ಕೈಯೊಂದು ನಿತ್ರಾಣವಾಗಿ ಬಾಗಿಲು ತಟ್ಟಿತು.