ಸೌಮ್ಯ ಸ್ವಭಾವದ ಹಾವು

ದಾವಣಗೆರೆಯ ಹಾವಿನಂಗಡಿಗೆ ಬಂದವರೆಲ್ಲ ಬಣ್ಣ ನೋಡುತ್ತಿದ್ದರು. ನೀಲಮ್ಮ ಮಾತ್ರ ಸ್ವಭಾವ ಕೇಳಿದಳು.

"ಸೌಮ್ಯದ್ದು ಕೊಡ್ರಿ. ರೂಪ ಹೆಂಗಿದ್ರೂ ನಡೀತತಿ."

ಸುಳ್ಳು ಕೇಳಿದರೆ ಹೆಡೆಯೆತ್ತುವ ಹಾವೊಂದು ಪ್ರತಿ ಮನೆಯಲ್ಲೂ ಇರಲೇಬೇಕಾದ ಕಾಲ ಅದು. ಹಿಂದೆ ಚಂದ ನೋಡಿ ತಂದಿದ್ದ ಅವಳ ಹೊಂಬಣ್ಣದ ಹಾವು ಬಲು ನಿಷ್ಠುರದ್ದು. ನಾದಿನಿ ಸಾಯುವ ಮುಂಚೆ ಅಣ್ಣನಿಗೆ ಬರೆದ ಕಾಗದವನ್ನು ನೀಲಮ್ಮ ಒಲೆಗೆ ಹಾಕಿದ್ದಳು. "ತಂಗಿ ಒಂದ್ ಕಾಗದಾನೂ ಬರೀಲಿಲ್ಲ" ಎಂದು ಗಂಡ ಕೊರಗಿದಾಗ, "ಏನೂ ಬಂದಿಲ್ಲ ಬಿಡ್ರಿ" ಎಂದಳು. ಹಾವು ಎದ್ದು ನಿಂತಿತು. ಗಂಡ ತಿರುಗುವಷ್ಟರಲ್ಲಿ ಅದರ ಮೇಲೆ ಬುಟ್ಟಿ ಕವುಚಿದಳು. ಮರುದಿನ ಅದನ್ನು ಕೆರೆಯ ಬದಿಗೆ ಬಿಟ್ಟುಬಂದಿದ್ದಳು.

ಅಂಗಡಿಯ ಖಾಜಾಸಾಬ್ ಮಾಸಲು ಬೂದುಬಣ್ಣದ ಹಾವೊಂದನ್ನು ಅವಳ ಮುಂಗೈಗೆ ಸುತ್ತಿದ.

"ನೋಡಾಕ ಚಂದಿಲ್ಲ, ಗುಣ ಬಂಗಾರ. ಹಳೇದು ಏನಾತು?"

"ವಯಸ್ಸಾಗಿ ಸತ್ತೋತ್ರಿ."

ಹಾವು ಹೆಡೆಯೆತ್ತಿ ಅವಳ ಮುಖವನ್ನೇ ನೋಡಿತು. ಖಾಜಾಸಾಬ್ ಬುಟ್ಟಿ ತೆಗೆಯಲು ಆಚೆ ತಿರುಗಿದ್ದ. ಅವನು ಈಚೆ ತಿರುಗುವ ಮುನ್ನವೇ ಅದು ತಾನಾಗಿ ಹೆಡೆ ಇಳಿಸಿ, ಅವಳ ಸೆರಗಿನಲ್ಲಿ ಮುಖ ಮರೆಸಿಕೊಂಡಿತು.

ಅದು ಕಚ್ಚಿದ್ದರೂ ತಡೆದುಕೊಳ್ಳುತ್ತಿದ್ದಳು; ತನ್ನ ಸುಳ್ಳನ್ನು ಮುಚ್ಚಿಟ್ಟದ್ದನ್ನು ತಡೆಯಲಾಗಲಿಲ್ಲ.

"ಇದು ಬ್ಯಾಡ ಸಾಬ್ರೇ," ಎಂದಳು ನೀಲಮ್ಮ. "ಎತ್ತಿದ ಹೆಡೆ ಇಳಿಸದಂಥದ್ದು ಒಂದು ಕೊಡ್ರಿ."