ಮುರಿದ ಮೂಲೆ

ಅದು ಶುರುವಾದದ್ದು ಮೂರು ವರ್ಷದ ಹಿಂದೆ, ಶೇಂಗಾ ಕೀಳುವ ಕಾಲದಲ್ಲಿ, ಬಿಸಿಲು ಇಳಿಯುವ ಹೊತ್ತಿನಲ್ಲಿ. ಆದೋನಿಯ ಆಫೀಸಿನಿಂದ ಬಂದ ಶಿರೀಷಾ ಬಸ್ಸಿಳಿದವಳೇ ಹೊಳಗುಂದದ ಬೇವಿನ ಕಟ್ಟೆಗೆ ಬಂದು, ತನ್ನ ತಾತ ಮೂಕಪ್ಪನ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದಿದ್ದಳು. "ನಿನ್ನ ಹುಲಿ-ಕುರಿ ಆಟಾನ ಇದರಾಗ ಹಾಕ್ತೀನಿ ತಾತ. ಸುಮ್ನ, ನನ್ನ ಖುಷಿಗೆ."

ಕಟ್ಟೆಯ ಕಲ್ಲಿನ ಮೇಲೆ ಕೊರೆದ ಆಟದ ಗೆರೆಗಳಲ್ಲಿ ಒಂದು ಮೂಲೆ ಇಲ್ಲ. ಊರಿನ ಮಾರೆಣ್ಣನ ಬಂಡಿಯ ಗಾಲಿ ತಾಕಿ ಅದು ಒಡೆದು ಐವತ್ತು ವರ್ಷವಾಯಿತು. ಅಂದಿನಿಂದ ಆ ಮೂಲೆ ಬಿಟ್ಟೇ ಆಡುತ್ತಾರೆ. ಶಿರೀಷಾಳ ಹುಲಿಗೆ ಇದು ತಿಳಿಯಲಿಲ್ಲ. ಇಲ್ಲದ ಮೂಲೆಗೆ ಜಿಗಿದು ಕಾಣೆಯಾಗುತ್ತಿತ್ತು.

"ಮತ್ತ ಬಾವ್ಯಾಗ ಬಿತ್ತಲ್ಲೇ ನಿನ್ನ ಹುಲಿ."

"ನಗಬ್ಯಾಡ ತಾತ, ನೀ ಕಲಿಸಿದ ಹುಲಿನೇ ಅದು."

ಕೋಡು ಬರೆದು, ಅಳಿಸಿ, ಮತ್ತೆ ಬರೆದು, ಹನ್ನೊಂದನೆಯ ಸಂಜೆ ಹುಲಿ ಮೂಲೆಯ ತನಕ ಹೋಗಿ ತಿರುಗಿ ಬಂದಾಗ ಆಕೆ ಕಟ್ಟೆಯಿಂದ ಕೆಳಗೆ ಜಿಗಿದೇಬಿಟ್ಟಿದ್ದಳು. ಆಮೇಲೆ ಸಂಜೆ ಸಂಜೆ ಏನಾದರೊಂದು ರಿಪೇರಿ. ಎಮ್ಮೆಗಳು ಮನೆಗೆ ತಿರುಗಿ, ಬೆಳಕು ಹೋಗಿ, ಅವ್ವ ಕೂಗುವ ತನಕ ಏಳುತ್ತಿರಲಿಲ್ಲ. ಆಕೆ ಬರೆಯುವ ಒಂದಕ್ಷರವೂ ಮೂಕಪ್ಪನಿಗೆ ತಿಳಿಯದು. ಆದರೆ ಬೆರಳು ಓಡುವ ಸದ್ದಿನಲ್ಲೇ ಹುಲಿ ಸಿಕ್ಕಿತೋ ತಪ್ಪಿತೋ ಗೊತ್ತಾಗುತ್ತಿತ್ತು.

ಈ ಗುರುವಾರ ಆಕೆ ಬರೀ ಫೋನು ಹಿಡಿದು ಬಂದಳು. "ನೋಡು ತಾತ. ಎಐಗೆ ಬಾಯಿಲೆ ಹೇಳಿದೆ. ನಾ ಚಾ ಕುಡಿಯೋದ್ರಾಗ ಪೂರಾ ಆಟ ಬರದು ಕೊಟ್ಟೈತಿ."

ಬಣ್ಣದ ಹುಲಿ, ಗರ್ಜನೆ, ಎಲ್ಲ ಇತ್ತು. ಮೂಕಪ್ಪ ಮೂರಾಟ ಆಡಿದ, ಮೂರೂ ಸೋತ. ಅವನು ಕುರಿ ಇಡದೆ ಬಿಟ್ಟ ಒಂದೇ ಮೂಲೆಯಿಂದ ಹುಲಿ ಪ್ರತಿ ಸಲ ನುಸುಳಿತು.

"ಈ ಮೂಲಿ ನಮ್ಮೂರಾಗ ಇಲ್ಲವ್ವ."

"ಉಳಿದ ಊರಾಗೆಲ್ಲ ಐತಂತ." ಆಕೆ ಫೋನು ತೆಗೆದುಕೊಂಡು ಒಂದು ಮಾತು ಹೇಳಿದಳು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮೂಲೆ ಮಾಯವಾಯಿತು. "ಆತು. ಆಡು."

ಮೂಕಪ್ಪ ಆಡಲಿಲ್ಲ. "ಅವತ್ತು ಜಿಗಿದಿದ್ದಿ."

"ಅವತ್ತು ನಾ ಮಾಡಿದ್ದೆ ತಾತ. ಇವತ್ತು ನಾ ಏನು ಮಾಡೀನಿ?"

"ಹಂಗಾದ್ರ ಹಳೇ ಹುಲಿನೇ ತಗಿ. ಎರಡು ಹುಲಿ ಎದುರಾದ್ರ ಮಿಸುಕಂಗಿಲ್ಲ ಅದು. ಆ ರಿಪೇರಿ ಉಳದೈತಲ್ಲ."

ಶಿರೀಷಾ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. "ನಿನ್ನೆ ಕೂತಿದ್ದೆ ತಾತ. ಎರಡು ಸಾಲು ಬರದೆ. ಇದಕ್ಕ ಹೇಳಿದ್ರ ಒಂದು ನಿಮಿಷದ ಕೆಲಸ ಅನ್ನಿಸ್ತು. ಮೂರನೇ ಸಾಲಿಗೆ ಕೈ ಏಳಲಿಲ್ಲ."

ಮೂಕಪ್ಪ ಹುಣಸೆಬೀಜದ ಕುರಿಗಳನ್ನು ಕಲ್ಲಿನ ಮೇಲೆ ಒಂದೊಂದಾಗಿ ಇಡುತ್ತ ಬಂದ. ಮುರಿದ ಮೂಲೆಯ ಹತ್ತಿರ ಕೈ ತಾನಾಗಿ ಹಿಂದೆ ತಿರುಗಿತು. ತಲೆ ಎತ್ತಿದಾಗ ಶಿರೀಷಾ ಎದ್ದು ಹೋಗಿದ್ದಳು. ಎಮ್ಮೆಗಳು ಇನ್ನೂ ಮನೆಗೆ ತಿರುಗಿರಲಿಲ್ಲ.